ನೀರು ಬಿತ್ತು

ತೋಟದಲ್ಲಿ ಮೂರು ಬೋರ್ ಕೊರೆಸಿದ್ದೇನೆ, ಮೂರರಲ್ಲೂ ಬರೀ ದೂಳು. ಅಂಥವನ ಬೆನ್ನಲ್ಲಿ ಮೊದಲನೇ ಪಾಯಿಂಟಿಗೇ ನೀರು ಬಿತ್ತು.

ಆದದ್ದಿಷ್ಟು: ಕಡಲೆಕಾಳಿನಷ್ಟು ಕಲ್ಲೊಂದು ಮೂತ್ರನಾಳದಲ್ಲಿ ಅಡ್ಡ ಕೂತು, ಬಲಗಡೆ ಕಿಡ್ನಿ ಊದಿಕೊಂಡು, ಚಳಿಜ್ವರ ಹತ್ತಿತು. "ಕಲ್ಲಿನ ವಿಚಾರ ಆಮೇಲೆ. ಕಟ್ಟಿಕೊಂಡಿರೋ ಮೂತ್ರದಲ್ಲಿ ಇನ್‌ಫೆಕ್ಷನ್ ಆಗಿದೆ, ಮೊದಲು ಅದು ಹೊರಗೆ ಬರಬೇಕು. ಪಿಸಿಎನ್ ಹಾಕೋಣ" ಅಂದರು ಡಾಕ್ಟರು. ಪೂರ್ತಿ ಹೆಸರು ಪರ್ಕ್ಯುಟೇನಿಯಸ್ ನೆಫ್ರಾಸ್ಟಮಿ, ಅಂದರೆ ಬೆನ್ನಿನ ಚರ್ಮದ ಮೂಲಕ ನೇರ ಕಿಡ್ನಿಗೇ ಟ್ಯೂಬು ಇಳಿಸಿ ಮೂತ್ರ ಹೊರಗೆ ಹರಿಸುವುದು. ಆ ಹೆಸರು ಬಾಯಿಗೆ ಬರುವಷ್ಟರಲ್ಲಿ ನನ್ನನ್ನು ಬೋರಲು ಮಲಗಿಸಿಯಾಗಿತ್ತು.

ಬೆನ್ನಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಅಲ್ಟ್ರಾಸೌಂಡ್ ಪರದೆ ನೋಡುತ್ತಾ ಉದ್ದನೆ ಸೂಜಿ ಇಳಿಸಿದರು. ಸೂಜಿಯೊಳಗೆ ತಂತಿ, ತಂತಿಯ ಗುಂಟ ಟ್ಯೂಬು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ತೋಟವೆಲ್ಲ ಸುತ್ತಿ ನನಗೆ ಮೂರು ಸಲ ಟೋಪಿ ಹಾಕಿದವನನ್ನು ಕರೆತಂದು ಈ ಪರದೆ ತೋರಿಸಬೇಕು ಅನ್ನಿಸಿತು. ಟ್ಯೂಬಿನ ದಪ್ಪ 8 ಫ್ರೆಂಚ್. ಮೂರು ಫ್ರೆಂಚಿಗೆ ಒಂದು ಮಿಲಿಮೀಟರಂತೆ. ಒಳತುದಿ ಹಂದಿಬಾಲದ ಹಾಗೆ ಸುರುಳಿ ಸುತ್ತಿ ಜಾರದೆ ಕೂರುತ್ತದೆ, ಹೊರತುದಿಗೆ ಚೀಲ. ಚೀಲ ಯಾವಾಗಲೂ ಕಿಡ್ನಿಗಿಂತ ಕೆಳಗೇ ಇರಬೇಕು, ಎಷ್ಟು ಬಂತೆಂದು ಬರೆದಿಡಬೇಕು.

ಬರೆಯುವ ಕೆಲಸ ಹೆಂಡತಿಯದು. ಡೈರಿಗೆ ಹಾಲು ಹಾಕುತ್ತಿದ್ದ ಕಾಲದ ಹಳೇ ಪುಸ್ತಕ ಹುಡುಕಿ ತೆಗೆದಳು. ಬೆಳಿಗ್ಗೆ, ಸಂಜೆ, ಮಿಲಿಲೀಟರು, ಷರಾ. ಫ್ಯಾಟ್ ಅನ್ನುವ ಕಾಲಂ ಮಾತ್ರ ಖಾಲಿ ಬಿಟ್ಟಳು. ನೋಡುವವರಿಗೆ ಮುಜುಗರ ಆಗಬಾರದೆಂದು ಚೀಲವನ್ನು ಯಾರದೋ ಮದುವೆಯ ತಾಂಬೂಲದ ಬಟ್ಟೆಚೀಲದೊಳಗೆ ಇಳಿಸಿದ್ದೂ ಅವಳೇ.

ಎಡವಟ್ಟಾಗಿದ್ದು ಅಲ್ಲೇ. ನೋಡಲು ಬಂದ ದೊಡ್ಡಮ್ಮ ಮಂಚದ ಪಕ್ಕ ಕಣ್ಣಾಡಿಸಿ, "ತಾಂಬೂಲದ ಚೀಲ ನೆಲದ ಮೇಲೆ ಇಡ್ತಾರೇನೋ!" ಎಂದು ಎತ್ತಿಕೊಂಡು ದೇವರ ಮನೆಗೆ ನಡೆದೇಬಿಟ್ಟರು. ಟ್ಯೂಬು ಜಗ್ಗಿತು. ಹೊಲಿಗೆ, ಪ್ಲಾಸ್ಟರು ಗಟ್ಟಿ ಇದ್ದವು; ಇಲ್ಲದಿದ್ದರೆ ಚೀಲ ಒಂದೇ ಹೋಗುತ್ತಿತ್ತು. ಈಗ ಹಿಂದೆ ನಾನೂ ಹೋದೆ, ಹಗ್ಗ ಹಿಡಿದು ಎಳೆದ ಕರುವಿನ ಹಾಗೆ, "ದೊಡ್ಡಮ್ಮಾ, ಕೆಳಗೆ... ಕೆಳಗೆ..." ಅನ್ನುತ್ತಾ.

ಅವರು ದೀಪದ ಮುಂದೆ ನಿಂತು ಚೀಲವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.

"ಕಾಯಿ ಇನ್ನೂ ಎಳಸು ಕಣೋ. ನೀರು ಚೆನ್ನಾಗಿದೆ."

ಅವತ್ತಿನ ಲೆಕ್ಕ ಪುಸ್ತಕದಲ್ಲಿ ಈಗಲೂ ಇದೆ. 350 ಮಿ.ಲೀ. ಷರಾ: ದೇವರ ಮನೆಗೆ ಹೋಗಿ ಬಂದಿದೆ.