ಗೀಸರಿಗೆ ವಿಭೂತಿ

ನಾನು ಹಿರಿಯೂರು ಕಡೆಯವಳು. ಇವರು ಹರಿಹರದ ಹತ್ತಿರದ ಹಳ್ಳಿಯವರು. ಸಂಸಾರ ಹೂಡಿದ್ದು ದಾವಣಗೆರೆಯ ನಿಟ್ಟುವಳ್ಳಿಯಲ್ಲಿ, ಬಾಡಿಗೆಯ ಮಹಡಿ ಮನೆಯಲ್ಲಿ. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆ ಆಗುವವರೆಗೆ ಇದೆಲ್ಲ ಒಂದೇ ಚಿತ್ರದುರ್ಗ ಜಿಲ್ಲೆ. ಸಂಬಂಧ ಕುದುರಿಸುವಾಗ ಅಪ್ಪ ಹೇಳಿದ್ದೂ ಅದನ್ನೇ: "ದೂರ ಏನಲ್ಲ ಕಣವ್ವ, ಮೊದ್ಲು ಒಂದೇ ಜಿಲ್ಲೆ. ಎಲ್ಲ ನಮ್ಮಂಗೇ ಇರ್ತಾರೆ." ಅಪ್ಪ ನೋಡಿದ್ದು ಕಂದಾಯ ಇಲಾಖೆಯ ಲೆಕ್ಕ. ಅಡುಗೆಮನೆಗಳು ಯಾವತ್ತೋ ಬೇರೆಯಾಗಿದ್ದವು.

ನಮ್ಮಲ್ಲಿ "ಐತೆ", ಇವರಲ್ಲಿ "ಐತಿ". ನಮ್ಮಲ್ಲಿ ಮುದ್ದೆ, ಇವರಲ್ಲಿ ಜೋಳದ ರೊಟ್ಟಿ. (ಇದೇ ದಾವಣಗೆರೆ ಜಿಲ್ಲೆಯ ಜಗಳೂರಿನವರು ಸಿಟ್ಟಾಗಬೇಡಿ, ನಿಮ್ಮ ಮುದ್ದೆಯ ಬಗ್ಗೆ ನನಗೆ ಗೌರವವಿದೆ. ನಾನು ಹೇಳುತ್ತಿರುವುದು ನಮ್ಮತ್ತೆ ಮನೆಯ ಮಾತು.) ಅರ್ಧ ಹರಿ, ಅರ್ಧ ಹರ ಒಂದೇ ವಿಗ್ರಹದಲ್ಲಿ ಹೊಂದಿಕೊಂಡು ನಿಂತಿರುವ ಊರಿನ ಸೀಮೆಯವರು ಇವರು, ಅಡ್ಜಸ್ಟ್ ಮಾಡಿಕೊಳ್ಳುವುದು ರಕ್ತದಲ್ಲೇ ಬಂದಿರುತ್ತದೆ ಅಂದುಕೊಂಡಿದ್ದೆ. ಮೂರು ದಿನ ನನ್ನ ಚಪಾತಿ ತಿಂದರು. ನಾಲ್ಕನೇ ದಿನ ತಟ್ಟೆಯ ಮುಂದೆ ಕೂತು, "ರೊಟ್ಟಿ ಮಾಡೋದು ಅಷ್ಟೇನು ಕಷ್ಟ ಅಲ್ಲಂತೆ, ಅವ್ವ ಹೇಳ್ತಿತ್ತು" ಅಂದರು, ಗಾಳಿಗೆ ಹೇಳಿದಂತೆ.

ಮರುದಿನ ಹಿಟ್ಟಿಗೆ ಕುದಿಯುವ ನೀರು ಹಾಕಿ, ಕೈ ಸುಟ್ಟುಕೊಂಡು, ನಾದಿ, ಬಡಿಯಲು ಕೂತೆ. ನಾಲ್ಕು ಏಟಿಗೆ ಅಂಚು ಹರಿಯುತ್ತದೆ. ಮುದುರಿ ಮತ್ತೆ ನಾದಿ ಮತ್ತೆ ಬಡಿಯುತ್ತೇನೆ. ಹತ್ತು ನಿಮಿಷಕ್ಕೆ ಬಾಗಿಲು ಸದ್ದಾಯಿತು. ಕೆಳಗಿನ ಮನೆಯ ಓನರ್ ಆಂಟಿ. ಮುಖದಲ್ಲಿ ಗಾಬರಿ. ಒಳಗೆ ಬಂದವರೇ ಇವರನ್ನು ಮೇಲಿಂದ ಕೆಳಗೆ ನೋಡಿ, "ಹೊಸದಾಗಿ ಮದುವೆ ಆದೋರು, ಹಿಂಗೆಲ್ಲ ಕೈ ಮಾಡಬಾರದಪ್ಪ" ಅಂದರು. ನಾನು ಓಡಿ ಬಂದು, "ಆಂಟಿ, ಅದು ನಾನು, ರೊಟ್ಟಿ ಬಡೀತಿದ್ದೆ" ಎಂದೆ. ಅವರು ನಂಬಲಿಲ್ಲ. "ಮೂವತ್ತು ವರ್ಷದಿಂದ ರೊಟ್ಟಿ ಬಡಿದೀನಿ. ಅದರ ಸದ್ದು ನನಗೆ ಗೊತ್ತಿಲ್ಲೇನು? ಇದು ರೊಟ್ಟಿ ಸದ್ದಲ್ಲ." ಅಡುಗೆಮನೆಗೆ ಕರೆದೊಯ್ದು ತೋರಿಸಿದೆ. ನನ್ನ ರೊಟ್ಟಿ ನೋಡಿದ ಮೇಲೆ ಅವರ ಕನಿಕರವೆಲ್ಲ ಇವರ ಕಡೆ ತಿರುಗಿತು. ಅವತ್ತು ರಾತ್ರಿ ನಾಲ್ಕು ರೊಟ್ಟಿ, ಜೊತೆಗೆ ಶೇಂಗಾ ಚಟ್ನಿ ಕೆಳಗಿನಿಂದ ಬಂತು, ಇವರ ಹೆಸರಿಗೆ.

ಅಷ್ಟರಲ್ಲಿ ಆಷಾಢ. ಅತ್ತೆ-ಸೊಸೆ ಒಂದೇ ಹೊಸಿಲು ದಾಟಬಾರದೆಂದು ನನ್ನನ್ನು ತವರಿಗೆ ಕಳಿಸಿದರು. ಅತ್ತೆ ಇರುವುದು ಹಳ್ಳಿಯಲ್ಲಿ, ನಾವಿರುವುದು ದಾವಣಗೆರೆಯಲ್ಲಿ, ಹೊಸಿಲೇ ಬೇರೆ ಎಂದು ಇವರು ವಾದ ಮಾಡಿದರು. ಕೇಳುವವರು ಯಾರು? ಮೊದಲ ದಿನ "ಅನ್ನಕ್ಕೆ ಎಷ್ಟು ಕೂಗು ಕೂಗಿಸಬೇಕು?" ಅಂತ ಫೋನ್ ಬಂತು. ಎರಡನೇ ದಿನ "ಕುಕ್ಕರ್ ಕೂಗ್ತಾನೇ ಇಲ್ಲ" ಅಂತ. ಮೂರನೇ ದಿನದಿಂದ ಫೋನೇ ಇಲ್ಲ. ಬೆಳಿಗ್ಗೆ ಬೆಣ್ಣೆ ದೋಸೆ, ಸಂಜೆ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ದಾವಣಗೆರೆಯಲ್ಲಿ ಒಂಟಿ ಗಂಡಸು ಹಸಿವಿನಿಂದ ಸಾಯುವುದಿಲ್ಲ, ಬೆಲ್ಟಿಗೆ ಹೊಸ ತೂತು ಮಾಡಿಸಿಕೊಳ್ಳುತ್ತಾನೆ ಅಷ್ಟೇ. ನಾನು ಶ್ರಾವಣಕ್ಕೆ ಮರಳಿ ಬಂದಾಗ ಹಾಲ್‌ನ ಮೂಲೆಯಲ್ಲಿ ನನ್ನೆತ್ತರದ ಒಂದು ಚೀಲ ನಿಂತಿತ್ತು. ಮಂಡಕ್ಕಿ. "ಭಟ್ಟಿ ಹತ್ರ ಹೋಗಿದ್ದೆ, ಚೀಲದ ಲೆಕ್ಕದಾಗ ಅಗ್ಗ" ಎಂದರು. ಮಳೆಗಾಲದ ಥಂಡಿಗೆ ಅಷ್ಟೂ ಮೆತ್ತಗಾಗಿತ್ತು. ಗಣೇಶ ಬಂದು ಹೋಗುವವರೆಗೆ ನಮ್ಮ ಮನೆಯಲ್ಲಿ ಬೆಳಗಿನ ತಿಂಡಿ ಏನೆಂದು ಯಾರೂ ಕೇಳಲಿಲ್ಲ, ಒಗ್ಗರಣೆಯಷ್ಟೇ ಬದಲಾಗುತ್ತಿತ್ತು.

ನಡುವೆ ನಾಗರ ಪಂಚಮಿ ಬಂದು ಹೋಯಿತು. ನನ್ನ ಶೇಂಗಾ ಉಂಡೆಯ ಪಾಕ ಒಂದೆರಡು ನಿಮಿಷ ಜಾಸ್ತಿ ಆಯಿತು ಅಂದರೆ ಸಾಕು. ಇವರು ಅಭಿಮಾನದಿಂದ ಆಫೀಸಿಗೆ ಒಯ್ದು ಹಂಚಿದರು. ಮರುದಿನ ಒಬ್ಬರು ಹಲ್ಲಿನ ಡಾಕ್ಟರ ಹತ್ತಿರ ಹೋಗಲು ಅರ್ಧ ದಿನ ರಜೆ ಹಾಕಿದರಂತೆ. ಈ ಊರಿಗೆ ಎರಡೆರಡು ದಂತ ವೈದ್ಯಕೀಯ ಕಾಲೇಜು ಯಾಕಿವೆ ಅಂತ ನನಗೆ ಆಗ ಗೊತ್ತಾಯಿತು.

ಇವೆಲ್ಲ ಚಿಲ್ಲರೆ. ಹೇಳಬೇಕಾದದ್ದು ದೀಪಾವಳಿಯ ಕಥೆ.

ಅತ್ತೆ ಹದಿನೈದು ದಿನ ಮೊದಲೇ ಫೋನಿನಲ್ಲಿ ಅಪ್ಪಣೆ ಕೊಟ್ಟಿದ್ದರು: "ಅಮಾಸಿಗೆ ಬೇಕಾದ್ರೆ ಬೀಗರ ಮನಿಗೆ ಹೋಗ್ರಿ. ನೀರು ತುಂಬೋ ಹಬ್ಬ ಮಾತ್ರ ನಿಮ್ಮ ಮನಿಯಾಗೇ ಆಗ್ಬೇಕು. ಹಳೇ ನೀರು ಒಂದು ಹನಿ ಇರಬಾರ್ದು ನೋಡು ತಂಗಿ. ಎಲ್ಲಾ ಚೆಲ್ಲಿ, ತಿಕ್ಕಿ ತೊಳೆದು, ಹೊಸ ನೀರು ತುಂಬ್ಸು. ಹಂಡೇಕ ಸುಣ್ಣ ಕೆಮ್ಮಣ್ಣು ಬಳಿದು, ಹಿಂಡ್ಲಕಾಯಿ ಬಳ್ಳಿ ಕಟ್ಟಿ ಪೂಜಿ ಮಾಡು."

ಹಂಡೆ ಎಲ್ಲಿಂದ ತರಲಿ? ತವರಿನ ಬಚ್ಚಲಲ್ಲಿ ಮೂರು ಜನ ಹಿಡಿದು ಎತ್ತಬೇಕಾದ ತಾಮ್ರದ ಹಂಡೆ ಇದೆ. ಇಲ್ಲಿರುವುದು ಗೋಡೆಗೆ ನೇತು ಹಾಕಿದ ಗೀಸರ್. ಇವರು ಸೊಂಟಕ್ಕೆ ಕೈಯಿಟ್ಟು ಅದನ್ನು ತುಂಬ ಹೊತ್ತು ನೋಡಿ, "ನೀರು ಕಾಯಿಸೋದು ಯಾವುದೋ ಅದೇ ಹಂಡೆ" ಎಂದು ತೀರ್ಪು ಕೊಟ್ಟರು. ಅದರಲ್ಲಿ ತಪ್ಪು ಹುಡುಕಲು ನನಗೂ ಆಗಲಿಲ್ಲ.

ಅವತ್ತು ನಳ ಬರುವ ದಿನ. ಬೆಳಿಗ್ಗೆ ಬಂದಿರಲಿಲ್ಲ. "ಹಬ್ಬದ ದಿನ ಬಿಡದೇ ಇರ್ತಾರಾ?" ಎಂದು ಇವರು ಕೆಲಸ ಶುರು ಮಾಡಿದರು. ಅವ್ವನ ಮಾತು ಇವರಿಗೆ ಶಾಸನ. ಕೊಡ, ಬಕೆಟ್ಟು, ಡ್ರಮ್ಮು ಎಲ್ಲ ಬೋರಲು. ಟೆರೇಸಿನ ಸಿಂಟೆಕ್ಸ್ ಒಳಗೆ ತಾವೇ ಇಳಿದು, ಪಾಚಿ ತಿಕ್ಕಿ, ಒಣ ಬಟ್ಟೆಯಲ್ಲಿ ಒರೆಸಿದರು. ಕೊನೆಗೆ ಸ್ಪ್ಯಾನರ್ ಹಿಡಿದು ಗೀಸರಿನ ಕೆಳಗಿನ ಪೈಪು ಬಿಚ್ಚಿ ಅದರ ಹೊಟ್ಟೆಯಲ್ಲಿದ್ದ ನೀರನ್ನೂ ಹೊರಗೆ ಹರಿಸಿ, ಪೈಪು ಮತ್ತೆ ಕೂರಿಸಿದರು. ಮಧ್ಯಾಹ್ನ ಎರಡು ಗಂಟೆಗೆ ನಮ್ಮ ಮನೆಯಲ್ಲಿ ಹಳೇ ನೀರು ಒಂದು ಹನಿ ಇರಲಿಲ್ಲ. ಹೊಸ ನೀರೂ ಇರಲಿಲ್ಲ.

ನಾಲ್ಕಾಯಿತು, ಆರಾಯಿತು. ನಳ "ಸುಯ್ಯ್" ಎಂದು ಗಾಳಿ ಬಿಟ್ಟು ಸುಮ್ಮನಾಯಿತು. ಇವರು ಐದು ನಿಮಿಷಕ್ಕೊಮ್ಮೆ ಅದರ ಬಾಯಿಗೆ ಕಿವಿ ಇಡುತ್ತಿದ್ದರು. ನಾನು ಮಾತ್ರ ಗಾಬರಿಯಾಗಲಿಲ್ಲ. ನಮ್ಮ ಹಿರಿಯೂರಿನ ಮಾರಿಕಣಿವೆ ಜಲಾಶಯ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಎಂಬತ್ತೊಂಬತ್ತು ವರ್ಷ ಕಾದವರ ಸೀಮೆಯವಳು ನಾನು. ಭದ್ರಾ ನಾಲೆಯ ಪಕ್ಕ ಬೆಳೆದವರಿಗೆ ಒಂದು ಸಂಜೆ ಕಾಯುವುದೂ ಕಷ್ಟ.

ಮುಸ್ಸಂಜೆ ಮೀರಬಾರದೆಂದು ಕೊನೆಗೆ ನೀರಿನ ಘಟಕಕ್ಕೆ ಹೋಗಿ, ನಾಣ್ಯ ಹಾಕಿ, ಇಪ್ಪತ್ತು ಲೀಟರಿನ ಒಂದು ಕ್ಯಾನು ತಂದೆವು. ಅದರಲ್ಲಿ ಅರ್ಧ ಅಡುಗೆಗೆ, ಇನ್ನರ್ಧ ಗಂಗಮ್ಮನ ಹೆಸರಲ್ಲಿ ಒಂದು ಕೊಡಕ್ಕೆ. ಗೀಸರಿಗೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಸುತ್ತ ಹಿಂಡ್ಲಕಾಯಿ ಬಳ್ಳಿ, ಮೇಲೊಂದು ಚೆಂಡುಹೂವಿನ ಹಾರ. ನಿಜ ಹೇಳುತ್ತೇನೆ, ಲಕ್ಷಣವಾಗಿಯೇ ಕಾಣುತ್ತಿತ್ತು. ನಾನು ಆರತಿ ಎತ್ತುವ ಹೊತ್ತಿಗೆ ಇವರು, "ತಡಿ, ಹಂಡೆಗೆ ಉರಿ ಹಚ್ಚಬೇಕಲ್ಲ" ಎಂದು ಸ್ವಿಚ್ ಹಾಕಿದರು. ಕೆಂಪು ದೀಪ ಹೊತ್ತಿತು. ಆ ದೀಪ, ಈ ಹಾರ, ಬಚ್ಚಲ ತುಂಬ ಊದುಬತ್ತಿಯ ಹೊಗೆ. ಇಬ್ಬರಿಗೂ ಕೈ ತಾನಾಗಿ ಜೋಡಿಸಿಕೊಂಡಿತು. ಸ್ವಲ್ಪ ಹೊತ್ತಿಗೆ ಏನೋ ಒಂಥರಾ ವಾಸನೆ ಬಂತು. ಊದುಬತ್ತಿ ಹೊಸ ಬ್ರ್ಯಾಂಡು ಇರಬೇಕು ಅಂದುಕೊಂಡೆ.

ನರಕ ಚತುರ್ದಶಿಯ ಬೆಳಗಿನ ಜಾವ ಮೂರೂವರೆಗೆ ಎದ್ದು, ನೀರಿಲ್ಲ ಎಂಬುದು ಗೊತ್ತಿದ್ದೂ, ಎಣ್ಣೆ ಹಚ್ಚಿಕೊಂಡು ಕೂತೆವು. ಯಾಕೆ ಅಂತ ಕೇಳಬೇಡಿ. "ಎಣ್ಣಿ ಹಚ್ಚಿದ್ರೆ ನೀರು ತಾನೇ ಬರ್ತತಿ" ಎಂದದ್ದು ಇವರೇ. ಇವರ ನೆತ್ತಿಗೆ ನಾನು ಮೂರನೇ ಸಲ ಎಣ್ಣೆ ತಟ್ಟುತ್ತಿದ್ದಾಗ ಕೆಳಗಿನಿಂದ ಓನರ್ ಆಂಟಿಯ ಕೂಗು: "ನಳ ಬಂತೂ!"

ಈ ಊರಲ್ಲಿ ಆ ಎರಡು ಪದಕ್ಕೆ ಮಲಗಿದ್ದವರೂ ಎದ್ದು ನಿಲ್ಲುತ್ತಾರೆ. ಇವರು ಹಳೇ ಪಂಚೆಯೊಂದನ್ನು ಸುತ್ತಿಕೊಂಡು ಎರಡೂ ಕೈಯಲ್ಲಿ ಕೊಡ ಹಿಡಿದು ಓಡಿದರು. ಎಣ್ಣೆ ಕಾಲು, ನುಣುಪು ಗ್ರಾನೈಟಿನ ಮೆಟ್ಟಿಲು. ಮೊದಲ ನಾಲ್ಕು ಮೆಟ್ಟಿಲನ್ನು ಮಾತ್ರ ಇವರು ಇಳಿದದ್ದು. ಉಳಿದ ಹತ್ತು ಮೆಟ್ಟಿಲು ಇವರನ್ನು ಇಳಿಸಿದವು. ಜೊತೆಗೆ ಕೊಡಗಳ ಮಂಗಳವಾದ್ಯ. ಕೆಳಗೆ ಕೂತಲ್ಲಿಂದಲೇ ಕೊಡವನ್ನು ನಳಕ್ಕೆ ಹಿಡಿದರು ಅನ್ನುವುದು ಇವರ ದೊಡ್ಡತನ. ಆಂಟಿ ಬಾಗಿಲು ತೆರೆದು, ಎಣ್ಣೆಯಲ್ಲಿ ಮಿಂಚುತ್ತಿದ್ದ ಮೂರ್ತಿಯನ್ನು ಕಂಡು, "ಈ ಸರ್ತಿನೂ ರೊಟ್ಟಿನೇನು?" ಎಂದು ಕೇಳಿದರು.

ಟ್ಯಾಂಕು ತುಂಬಿತು. ಗೀಸರಿನಿಂದ ಬಂದದ್ದು ಮಾತ್ರ ಆಶ್ವಯುಜದ ಕೊರೆಯುವ ನೀರು. ಡಬರಿಯಲ್ಲಿ ಗ್ಯಾಸ್ ಮೇಲೆ ಕಾಯಿಸಿಕೊಂಡು ಇಬ್ಬರೂ ಮುಗಿಸಿದೆವು.

ಅಮಾವಾಸ್ಯೆಗೆ ಹಿರಿಯೂರಿಗೆ ಹೋದೆವು. ಹೊಸ ಅಳಿಯ ಕುಂಟುತ್ತ ಬಸ್ಸಿಳಿದದ್ದನ್ನು ಕಂಡು ನಮ್ಮಮ್ಮ ನನ್ನನ್ನು ಅಡುಗೆಮನೆಗೆ ಕರೆದು, "ಏನೇ ಮಾಡ್ದೆ?" ಅಂದಳು. ಪಾಡ್ಯದ ಹೋಳಿಗೆಯವರೆಗೆ ಎಲ್ಲ ಸರಿಯಾಗಿತ್ತು. ಮರುದಿನ ಅವರೆಕಾಳು ಸಾರು, ಬಿಸಿ ಮುದ್ದೆ. ಇವರು ಮುದ್ದೆ ಮುರಿದು ಬಾಯಿಗಿಟ್ಟು ಅಗಿದರು. ಅಗಿಯುತ್ತಲೇ ಇದ್ದರು. ದೊಡ್ಡಮ್ಮ, ಚಿಕ್ಕಮ್ಮ, ಪಕ್ಕದ ಮನೆಯವರು ಎಲ್ಲ ಬಾಗಿಲ ಸಂದಿಯಿಂದ ನೋಡುತ್ತಿದ್ದಾರೆ. "ನುಂಗ್ರಿ" ಎಂದು ನಾನು ಕಣ್ಣಲ್ಲೇ ಸನ್ನೆ ಮಾಡಿದೆ. ಇವರು ಅದನ್ನು ಪ್ರೀತಿ ಎಂದುಕೊಂಡು ನಕ್ಕರು. ಹಲ್ಲೆಲ್ಲ ರಾಗಿ.

ವಾಪಸು ಬಂದ ಮೇಲೂ ನೀರು ಬಿಸಿಯಾಗಲಿಲ್ಲ. ಮೆಕ್ಯಾನಿಕ್‌ಗೆ ಹೇಳಿ ಕಳಿಸಿದೆವು. ಹುಡುಗ ಬಂದ, ಬಚ್ಚಲಿಗೆ ಕಾಲಿಟ್ಟ, ತಲೆ ಎತ್ತಿದ. ವಿಭೂತಿ ಹಾಗೇ ಇತ್ತು, ಬಳ್ಳಿ ಒಣಗಿತ್ತು. ಹಿಂದೆ ಸರಿದು, ಹೊರಗೆ ಹೋಗಿ, ಚಪ್ಪಲಿ ಬಿಟ್ಟು ಬಂದ. ಎರಡು ಸ್ಕ್ರೂ ಬಿಚ್ಚುವ ಮೊದಲು ಕೈ ಮುಗಿದ. ಒಳಗಿಂದ ಕಪ್ಪಗೆ ಕರಕಲಾದ ಕಾಯಿಲ್ ಎಳೆದು ಹಿಡಿದು,

"ಸುಟ್ಟು ಹೋಗೇತಿ ಅಣ್ಣಾ. ನೀರಿಲ್ದಾಗ ಆನ್ ಮಾಡಿದ್ರೇನು?" ಎಂದ.

ನಾನು ಇವರ ಮುಖ ನೋಡಿದೆ. ಇವರು ಗೀಸರಿನ ಮುಖ ನೋಡುತ್ತಿದ್ದರು.

"ಇಲ್ಲಪ್ಪ" ಅಂದರು. "ಪೂಜಿ ಮಾಡಿದ್ವಿ."