ಪ್ರಭಾವಳಿಗಿಂತ ಮೊದಲು ಜೋಳದ ಹೊಲ ಬರೆಯಿರಿ

ಶರಣರ ಮತ್ತು ಸಂತರ ಪವಾಡಗಳ ಚಿತ್ರಪುಸ್ತಕವೊಂದು ಈಚೆಗೆ ನಮ್ಮ ಮನೆಗೆ ಬಂತು. ಎರಡನೆಯ ತರಗತಿ ಓದುವ ಅಕ್ಕನ ಮಗಳಿಗೆಂದೇ ತರಿಸಿದ್ದು. ಕಾಗದ ಗಟ್ಟಿ, ಅಕ್ಷರ ದಪ್ಪ, ಬಣ್ಣ ಕಣ್ಣಿಗೆ ಹಿತ. ಆದರೆ ಓದಿಸುತ್ತ ಹೋದಂತೆ ನನಗೆ ಸಂಕಟವಾಯಿತು. ಯಾವ ಪುಟ ತೆರೆದರೂ ಒಬ್ಬ ಬೆಳ್ಳನೆಯ ಸಂತ, ತಲೆಯ ಹಿಂದೆ ಪ್ರಭಾವಳಿ, ಅಂಗೈಯಿಂದ ಹೊರಡುವ ಬೆಳಕು, ಸುತ್ತ ಕೈಮುಗಿದ ಜನ. ಹೆಸರು ಮುಚ್ಚಿಟ್ಟರೆ ಯಾರು ಯಾರೆಂದು ದೊಡ್ಡವರಿಗೂ ಗುರುತು ಸಿಗದು.

ನಮ್ಮ ಕಲಬುರಗಿಯ ಶರಣಬಸಪ್ಪನವರ ಕಥೆಯನ್ನೇ ನೋಡಿ. ಜೇವರ್ಗಿ ಸೀಮೆಯ ಅರಳಗುಂಡಗಿಯ ಒಕ್ಕಲುತನದ ಮನೆಯ ಹುಡುಗ. ಜೋಳ ಕಾಯಲು ಹೋದವನು ಹಕ್ಕಿಗಳನ್ನು ಓಡಿಸಲಿಲ್ಲ. ತಿನ್ನಲಿ ಎಂದು ಬಿಟ್ಟ. ತಿಂದವುಗಳಿಗೆ ನೀರಡಿಕೆಯಾದೀತೆಂದು ನೀರನ್ನೂ ಇಟ್ಟ. ಮನೆಯವರು ಸಿಟ್ಟಾದರು. ರಾಶಿ ಮಾಡಿದಾಗ ಕಾಳು ಕಡಿಮೆಯಾಗುವ ಬದಲು ಹೆಚ್ಚೇ ಆಗಿತ್ತಂತೆ. ಪುಸ್ತಕದಲ್ಲಿ ಹೊಳೆಯುವ ರಾಶಿಯೊಂದೇ ಇದೆ. ಹಕ್ಕಿಗಳಿಲ್ಲ, ನೀರಿನ ಮಡಕೆಯಿಲ್ಲ, ಸಿಟ್ಟಾದ ಮನೆಯವರಿಲ್ಲ. ಅದಕ್ಕಿಂತ ಬೇಸರದ ಸಂಗತಿಯೆಂದರೆ, ಹಿಂದೆ ಕಾಣುವ ಹೊಲ ಭತ್ತದ ಗದ್ದೆ! ಎರೆಭೂಮಿಯ ಮಗು ತನ್ನ ಊರಿನ ಶರಣನನ್ನು ತೆಂಗಿನ ಮರದ ಕೆಳಗೆ ನೋಡಬೇಕೇ?

ಪವಾಡವೆಂದರೆ ಮೂಢನಂಬಿಕೆ, ಮಕ್ಕಳ ಪುಸ್ತಕದಲ್ಲಿ ಅದೇಕೆ ಎನ್ನುವ ಗೆಳೆಯರಿದ್ದಾರೆ. ಅವರ ಮಾತನ್ನು ನಾನು ಒಪ್ಪುವುದಿಲ್ಲ. ರಾಶಿ ಹೆಚ್ಚಾಗದಿದ್ದರೆ ಆ ಕಥೆ ಯಾವ ಅಜ್ಜಿಯ ಬಾಯಲ್ಲೂ ಇಷ್ಟು ದೂರ ಬರುತ್ತಿರಲಿಲ್ಲ. ಪವಾಡ ಇರಲಿ, ನಡೆದಂತೆಯೇ ಹೇಳಲಿ. ಆದರೆ ಅದಕ್ಕೂ ಮೊದಲು ಒಬ್ಬ ಮನುಷ್ಯ ಏನು ಮಾಡಿದ ಎಂಬುದು ಚಿತ್ರದಲ್ಲಿ ಕಾಣಬೇಕು. ರಾಶಿ ಹೆಚ್ಚಿಸುವುದು ಮಗುವಿನ ಕೈಯಲ್ಲಿಲ್ಲ, ಹಕ್ಕಿಗೆ ನೀರಿಡುವುದು ಇದೆ.

ಕಲ್ಯಾಣದ ಕಥೆಗಳಲ್ಲಂತೂ ಇದು ಇನ್ನೂ ಸ್ಪಷ್ಟ. ನುಲಿಯ ಚಂದಯ್ಯ ಹಗ್ಗ ಹೊಸೆಯುವವನು. ಹುಲ್ಲು ಕೊಯ್ಯುವಾಗ ಇಷ್ಟಲಿಂಗ ಕಳಚಿ ಬಿತ್ತು. ಅವನು ತಿರುಗಿ ನೋಡದೆ ಕೆಲಸ ಮುಂದುವರಿಸಿದ. ಲಿಂಗವೇ ತನ್ನನ್ನು ಎತ್ತಿಕೋ ಎಂದು ಬೆನ್ನು ಹತ್ತಿತು, ಅವನು ಜಗ್ಗಲಿಲ್ಲ. ಕೊನೆಗೆ ಮಡಿವಾಳ ಮಾಚಯ್ಯ ನಡುವೆ ಬಂದು ತಿಳಿಹೇಳಬೇಕಾಯಿತು. ದೇವರೇ ದುಡಿಯುವವನ ಹಿಂದೆ ಅಂಗಲಾಚುತ್ತ ಬರುವ ಈ ಚಿತ್ರ ಯಾವ ಮಗುವಿಗೆ ಬೇಡ? ಹುಲ್ಲಿನ ಹೊರೆ, ಬೆವರು, ಹಿಂದೆ ಉರುಳಿ ಬರುವ ಪುಟ್ಟ ಲಿಂಗ! ಪುಸ್ತಕದಲ್ಲಿ ಚಂದಯ್ಯನ ಹೆಸರೇ ಇಲ್ಲ. ಆಯ್ದಕ್ಕಿ ಲಕ್ಕಮ್ಮನೂ ಇಲ್ಲ. ಗಂಡ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ "ಈಸಕ್ಕಿಯಾಸೆ ನಿಮಗೇಕೆ?" ಎಂದು ಕೇಳಿ ವಾಪಸು ಕಳುಹಿಸಿದ ಹೆಂಗಸು ಆಕೆ. ಇಡೀ ಪುಸ್ತಕದಲ್ಲಿ ಹೆಣ್ಣುಮಕ್ಕಳು ಕೈಮುಗಿದು ನಿಲ್ಲುವುದಕ್ಕಷ್ಟೇ ಇದ್ದಾರೆ. ಇದನ್ನು ನಾನು ಸುಮ್ಮನೆ ಬಿಡಲಾರೆ.

ಬೀದರಿನ ನಾನಕ್ ಝೀರಾದ ಪುಟ ಮಾತ್ರ ಪರವಾಗಿಲ್ಲ. ಗುರುನಾನಕರು ಕಲ್ಲು ಸರಿಸಿದಾಗ ಸಿಹಿನೀರು ಚಿಮ್ಮಿತೆಂಬ ಕಥೆಯಲ್ಲಿ ಬರಿಗೊಡ ಹಿಡಿದ ಊರಿನವರೂ ಇದ್ದಾರೆ. ಹುಡುಗಿ ಹೆಚ್ಚು ಹೊತ್ತು ನೋಡಿದ್ದು ಅದೊಂದನ್ನೇ. ಬೇಸಿಗೆಯ ಬರಿಗೊಡ ಅವಳಿಗೂ ಗೊತ್ತು.

ಇನ್ನು, 1422ರಲ್ಲಿ ನಮ್ಮ ಕಲಬುರಗಿಯಲ್ಲೇ ತೀರಿಕೊಂಡ ಸೂಫಿ ಸಂತ ಖ್ವಾಜಾ ಬಂದೇ ನವಾಜರಿಗೆ ಪುಸ್ತಕದಲ್ಲಿ ಜಾಗವಿಲ್ಲ. ಸುರಪುರ ಸೀಮೆಯ ತಿಂಥಣಿ ಮೌನೇಶ್ವರರಿಗೂ ಇಲ್ಲ. ಎರಡೂ ಕಡೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ದರ್ಗಾದ ಉರುಸಿಗೂ ಶರಣಬಸಪ್ಪನ ಜಾತ್ರೆಗೂ ಒಂದೇ ಸಡಗರದಿಂದ ಹೋಗುವ ಮಕ್ಕಳಿಗೆ ಅರ್ಧ ಊರನ್ನಷ್ಟೇ ತೋರಿಸಿದರೆ ಹೇಗೆ?

ಬರೆಯುವವರಲ್ಲಿ, ಚಿತ್ರಿಸುವವರಲ್ಲಿ ನನ್ನ ಕೋರಿಕೆ ಇಷ್ಟು. ಹೋಳಿಯ ನಂತರ ಶರಣಬಸವೇಶ್ವರ ಜಾತ್ರೆಗೆ ಬನ್ನಿ. ತೇರು ನೋಡಿ, ದಾಸೋಹದ ಪಂಕ್ತಿಯಲ್ಲಿ ಕೂತು ಉಣ್ಣಿ, ಬಡಿಸುವವರ ಕೈಗಳನ್ನು ಗಮನಿಸಿ. ಜೋಳ ತೆನೆಗಟ್ಟುವ ಕಾಲಕ್ಕೆ ಅರಳಗುಂಡಗಿಯ ಹೊಲಗಳಲ್ಲೂ ಒಂದು ಬೆಳಗ್ಗೆ ಕಳೆಯಿರಿ. ಅಂಥ ಪುಸ್ತಕ ಬಂದರೆ ನಮ್ಮ ಊರಿನ ಗ್ರಂಥಾಲಯಕ್ಕೆ ನಾನೇ ಕೊಂಡು ಕೊಡುತ್ತೇನೆ.