ಟೂ ಪಾಯಿಂಟ್ ಏಟ್ ಲಗ್ನ

ಮೊದಲೆಲ್ಲ ಬೀಗರು ಮಾತುಕತೆಗೆ ಕೂತರೆ ಊಟಕ್ಕೆ ಎಷ್ಟು ಮಂದಿ, ಹೋಳಿಗೆಯೋ ಬುಂದೆಯೋ ಅಂತ ಕೇಳುತ್ತಿದ್ದರು. ಮೊನ್ನೆ ರಾಯಚೂರಿನಲ್ಲಿ ನಾನೇ ಕಿವಿಯಾರೆ ಕೇಳಿದ ಪ್ರಶ್ನೆ ಬೇರೆ: "ಫೋಟೋದವರ ಲೆನ್ಸ್ ಎಷ್ಟರದ್ರೀ? ಟೂ ಪಾಯಿಂಟ್ ಏಟ್ ಇಲ್ಲಂದ್ರ ಹೆಂಗ?" ಕೇಳಿದವರು ಹತ್ತಿ ವ್ಯಾಪಾರಿ. ಅರಳೆಯ ಎಳೆಯನ್ನು ಬೆರಳಲ್ಲಿ ಜಗ್ಗಿ ರೇಟು ಹೇಳುವ ಮನುಷ್ಯ. 2.8 ಅಂದರೇನು ಅಂತ ಮಾತ್ರ ಅವರನ್ನು ಕೇಳಬಾರದು. ತಮ್ಮನ ಮಗಳ ಲಗ್ನದಲ್ಲಿ ಅದೇ ಇತ್ತಂತೆ, ಮುಗೀತು.

ಫೋಟೋದವನು ನನ್ನ ಅಕ್ಕನ ಮಗ. ಕ್ಯಾಮೆರಾ ಜೊತೆ ಬಂದ 3.5-5.6ರ ಲೆನ್ಸಿನಲ್ಲೇ ಇಷ್ಟು ವರ್ಷ ತೊಟ್ಟಿಲು, ಸೀಮಂತ, ನಿವೃತ್ತಿ ಸನ್ಮಾನ ಎಲ್ಲ ನಡೆಸಿದವನು. ಈಗ ಫಾಸ್ಟ್ ಝೂಮ್ ಬೇಕು.

"ಫಾಸ್ಟ್ ಅಂದ್ರ ಎಷ್ಟು ಓಡತೈತೋ?"

"ಓಡೂದಲ್ಲ ಮಾಮಾ, ಬಾಯಿ ದೊಡ್ಡದು. 2.8 ಅಂದ್ರ ಆ ಬಾಯಿ ಅಳತಿ, ನಂಬರ್ ಸಣ್ಣದಾದಷ್ಟೂ ಬಾಯಿ ದೊಡ್ಡದು. 5.6ಕ್ಕಿಂತ ನಾಕ್ ಪಟ್ಟು ಬೆಳಕು ನುಂಗತೈತಿ."

ನಂಬರು ಇಳಿದಷ್ಟೂ ರೇಟು ಏರುವ ಸಾಮಾನು! ಒಂದು ತಿಂಗಳು ಬೆಳ್ಳಿ ತೂಗಿದಂತೆ ತೂಗಿದ. ಸೋನಿಯ ಮೊದಲಿನ 24-70 ಜಿ ಮಾಸ್ಟರ್ 886 ಗ್ರಾಂ, 2022ರ ಎರಡನೇದು 695, ಟ್ಯಾಮ್ರಾನಿನ ಮೊದಲ 28-75 ಬರೀ 550. ಹಗುರದ್ದೇ ತಗೋ ಅಂದರೆ, "28 ಎಂಎಂಗ ಬೀಗರೆಲ್ಲ ಹಿಡಿಯಂಗಿಲ್ಲ, 24 ಬೇಕು, ಈ ನಂಬರ್ ಸಣ್ಣದಾದಷ್ಟೂ ನೋಟ ಅಗಲ" ಅಂದ. ನಾಲ್ಕು ಹೆಜ್ಜೆ ಹಿಂದೆ ಸರಿ ಅಂದೆ. ಹಿಂದೆ ವಿಡಿಯೊ ಕ್ಯಾಮೆರಾದ ಕ್ರೇನ್ ಇರುತ್ತದಂತೆ.

ಇಷ್ಟಕ್ಕೂ ಇದು ರಾಯಚೂರು. ಶಕ್ತಿನಗರದ 1720 ಮೆಗಾವ್ಯಾಟ್ ಸ್ಥಾವರ ಕಲ್ಲಿದ್ದಲು ಸುಟ್ಟು ರಾಜ್ಯಕ್ಕೆಲ್ಲ ದೀಪ ಹಚ್ಚುವ ಜಿಲ್ಲೆ. ಮೇ ತಿಂಗಳ ಬಿಸಿಲಿಗಂತೂ ಮನೆಯೊಳಗೇ ಕಣ್ಣು ಕಿರಿದು ಮಾಡಿ ಕೂರುವ ಮಂದಿ. ಇಲ್ಲಿ ಬೆಳಕು ಸಾಲದು ಅಂತ ಲೆನ್ಸು. ತಂದ ಮೇಲೆ ಬಯಲಲ್ಲಿ ಬಾಯಿ ಪೂರ್ತಿ ತೆರೆದರೆ ಬೆಳಕು ವಿಪರೀತವಾಯಿತು ಅಂತ ಅದರ ಮೂತಿಗೆ ಕಪ್ಪು ಗಾಜು, ಎನ್‌ಡಿ ಫಿಲ್ಟರ್. ಬೆಳಕು ಕುಡಿಸಲು ಒಂದು ಸಾಲ, ತಡೆಯಲು ಇನ್ನೊಂದು.

ಲಗ್ನಕ್ಕೆ ಮುಂಚಿನ ಶೂಟಿಂಗು ಕೋಟೆಯಲ್ಲಿ. ಅಲ್ಲಿನ ಗೋಡೆಯಲ್ಲಿ 41 ಅಡಿಗೂ ಉದ್ದದ ಒಂದೇ ಕಲ್ಲಿದೆ, 1294ರ ಶಾಸನ ಸಮೇತ. ಆ ಕಲ್ಲನ್ನು ಬಂಡಿಯ ಮೇಲೆ ಎಳೆದು ತಂದ ಬಗೆಯನ್ನೂ ಪಕ್ಕದಲ್ಲೇ ಗೀರಿದ್ದಾರೆ. ಗೀರಿದವನ ಬಳಿ ಉಳಿಯೊಂದೇ ಇತ್ತು, ಬಂಡಿ ಇವತ್ತಿಗೂ ಕಾಣುತ್ತದೆ. ನಮ್ಮವನ ಫೋಟೋದಲ್ಲಿ ಜೋಡಿಯ ಹಿಂದೆ ಕಂಡದ್ದು ಜೋಳದ ಹಿಟ್ಟು ಕಲಸಿಟ್ಟಂಥ ಮಬ್ಬು.

"ಬಾಯಿ ದೊಡ್ಡದಾದ್ರ ಹಿಂದಿಂದು ಮಬ್ಬಾಗತೈತಿ. ಹಿಂದ ಏನೂ ಕಾಣಬಾರ್ದು ಮಾಮಾ, ಅದಕ್ಕ ರೊಕ್ಕ."

"ಹಂಗಾದ್ರ ನಮ್ಮ ಹಿತ್ತಲ ಗ್ವಾಡಿ ಸಾಕಿತ್ತಲ್ಲೋ."

ವಧು-ವರರನ್ನು ಹೀಗೆ ಹಿನ್ನೆಲೆಯಿಂದ ಬಿಡಿಸುವುದೇನೋ ಸರಿ. ಈ ಲೆನ್ಸು ಅವರನ್ನು ಪರಸ್ಪರರಿಂದಲೂ ಬಿಡಿಸುತ್ತದೆ ಅಂತ ಗೊತ್ತಾದದ್ದು ಮುಹೂರ್ತದಲ್ಲಿ. ಎರಡು ಮೀಟರ್ ದೂರದಿಂದ 70ಕ್ಕೆ ಝೂಮ್ ಮಾಡಿ 2.8 ಇಟ್ಟರೆ ಸ್ಪಷ್ಟ ಕಾಣುವ ಜಾಗ ಹಿಂದುಮುಂದಾಗಿ ಒಂದು ಗೇಣೂ ಇಲ್ಲ. ಸ್ಟೇಬಿಲೈಸರ್ ಇದ್ದರೂ ಅದು ತಡೆಯುವುದು ಫೋಟೋದವನ ಕೈನಡುಕವನ್ನು, ವರನದನ್ನಲ್ಲ. ವಧುವಿನ ಬಾಸಿಂಗದ ಮಣಿ ಒಂದೊಂದೂ ಎಣಿಸುವಂತಿತ್ತು. ಒಂದು ಹೆಜ್ಜೆ ಹಿಂದೆ ನಿಂತು ತಾಳಿ ಕಟ್ಟುತ್ತಿದ್ದ ವರ ಹೊಗೆ.

ಮುಂದಿನ ಸಾಲಿನಲ್ಲಿ ಕೂತಿದ್ದ ವರನ ಅಜ್ಜಿಗೆ ಕಂಡದ್ದು ಕಪ್ಪು ಟೀ ಶರ್ಟಿನ ಮೂರು ಬೆನ್ನು. ವಾಲಗದ ಸದ್ದು ಕೇಳಿ ಅಂದಾಜಿನ ಮೇಲೆ ಅಕ್ಕಿಕಾಳು ಎಸೆದಳು. ಅದು ನನ್ನ ಅಳಿಯನ ಕಾಲರಿನೊಳಗೆ ಇಳಿಯಿತು. ಅವನು ಕತ್ತು ಕೆರೆದುಕೊಳ್ಳುತ್ತಲೇ ಕ್ಯಾಮೆರಾ ಪರದೆ ನೋಡಿದ.

"ಇನ್ನೊಮ್ಮೆ ಕಟ್ರೀ, ಅಣ್ಣಾರ ಮುಖ ಬಂದಿಲ್ಲ."

ಅಯ್ಯನವರು ಕೈಗಡಿಯಾರ ನೋಡಿದರು. ವಾಲಗದವರು ಸುಮ್ಮನಾದರು. ವರ ತಾಳಿ ಗಂಟಿಗೆ ಮತ್ತೆ ಕೈ ಹಚ್ಚಿದ. ಅಜ್ಜಿ ನನ್ನ ಮೊಣಕೈ ತಿವಿದಳು.

"ಲಗ್ನ ಆತೇನಪಾ?"

"ಇಲ್ಲ ಯವ್ವಾ, ಫೋಕಸ್ ಆಗಿಲ್ಲಂತ."

ಅಜ್ಜಿ ಸೆರಗು ಒಡ್ಡಿ, ಕುರ್ಚಿ ಮೇಲೆ ಉದುರಿದ್ದ ಕಾಳು ಒಂದೊಂದೇ ಆರಿಸತೊಡಗಿದಳು.